ಓವರ್‌ಡ್ರೈವ್ ಯಾವಾಗ ಬೇಕು, ಯಾವಾಗ ಬೇಡ?

ಆಟೊಮ್ಯಾಟಿಕ್ ಕಾರುಗಳ ಗೇರ್ ಲಿವರ್ ಮೇಲಿರುವ ಓವರ್‌ಡ್ರೈವ್ ಗುಂಡಿಯ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಪ್ರಶ್ನೆಗಳು ಬರುತ್ತಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಡಲಾಗಿದೆ.

ಪ್ರಶ್ನೆ: ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರೊಂದನ್ನು ಕೊಂಡಿದ್ದೇನೆ. ಗೇರ್ ಲಿವರಿನ ಹಿಡಿಯ ಪಕ್ಕದಲ್ಲಿ ಒಂದು ಚಿಕ್ಕ ಗುಂಡಿಯಿದೆ. ಡ್ಯಾಶ್‌ಬೋರ್ಡಿನಲ್ಲಿ ‘ಓ/ಡಿ ಆಫ್’ ಎಂಬ ದೀಪ ಕಾರು ಮನೆಗೆ ಬಂದಂದಿನಿಂದಲೂ ಉರಿಯುತ್ತಿದೆ. ಹೆದ್ದಾರಿಯಲ್ಲಿ ಎಂಜಿನ್ ಸದ್ದು ಜಾಸ್ತಿ ಎನಿಸುತ್ತದೆ, ಮೈಲೇಜೂ ಕಡಿಮೆ. ಈ ದೀಪ ಉರಿಯುತ್ತಿರಬೇಕೇ, ಆರಿರಬೇಕೇ?
– ಮೈಸೂರಿನ ಓದುಗರು

ಉತ್ತರ: ಆರಿರಬೇಕು. ದೀಪ ಉರಿಯುತ್ತಿದ್ದರೆ ಓವರ್‌ಡ್ರೈವ್ ಕೆಲಸ ಮಾಡುತ್ತಿದೆ ಎಂದು ಅನೇಕರು ತಿಳಿದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಉರಿಯುವುದು ಓವರ್‌ಡ್ರೈವನ್ನು ತಡೆಹಿಡಿದಾಗ ಮಾತ್ರ. ಹಿಡಿಯ ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಆರುತ್ತದೆ ಮತ್ತು ಗೇರ್‌ಬಾಕ್ಸಿಗೆ ತನ್ನ ಕೊನೆಯ ಗೇರನ್ನು ಬಳಸುವ ಅನುಮತಿ ಮರಳಿ ಸಿಗುತ್ತದೆ. ಕೆಲವು ಕಾರುಗಳಲ್ಲಿ ಇಗ್ನಿಷನ್ ಆಫ್ ಮಾಡಿದೊಡನೆ ಈ ತಡೆ ತಾನಾಗಿ ತೆರವಾಗುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದ ಸ್ಥಿತಿಯಲ್ಲೇ ಕಚ್ಚಿಕೊಂಡಿರುವುದರಿಂದ, ಹಿಂದಿನ ಮಾಲೀಕರು ಎಂದೋ ಒತ್ತಿದ್ದು ಇಂದಿಗೂ ಹಾಗೆಯೇ ಉಳಿದಿರಬಹುದು. ತಮ್ಮ ಕಾರಿನಲ್ಲಿ ಆಗಿರುವುದು ಬಹುಶಃ ಇದೇ.

ಒಳಗೆ ನಡೆಯುವುದೇನು ಎಂಬುದನ್ನು ತಿಳಿದುಕೊಂಡರೆ ಮುಂದಿನ ಪ್ರಶ್ನೆಗಳ ಉತ್ತರಗಳೂ ಸುಲಭವಾಗುತ್ತವೆ. ನಾಲ್ಕು ಗೇರಿನ ಆಟೊಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಮೂರನೆಯ ಗೇರಿನಲ್ಲಿ ಒಳಬರುವ ಶಾಫ್ಟ್ ಒಂದು ಸುತ್ತು ತಿರುಗಿದರೆ ಹೊರಹೋಗುವ ಶಾಫ್ಟ್ ಕೂಡ ಒಂದೇ ಸುತ್ತು ತಿರುಗುತ್ತದೆ. ನಾಲ್ಕನೆಯ ಗೇರಿನಲ್ಲಿ, ಅಂದರೆ ಓವರ್‌ಡ್ರೈವಿನಲ್ಲಿ, ಈ ಅನುಪಾತ ಸುಮಾರು 0.7ಕ್ಕೆ ಇಳಿಯುತ್ತದೆ, ಅಂದರೆ ಒಳಗಿನ ಶಾಫ್ಟ್ ಏಳು ಸುತ್ತು ತಿರುಗಿದರೆ ಹೊರಗಿನದು ಹತ್ತು ಸುತ್ತು ತಿರುಗುತ್ತದೆ. ಇದನ್ನು ಸಾಧಿಸುವುದು ಪ್ಲಾನೆಟರಿ ಗೇರುಗಳ ಒಂದು ಜೋಡಣೆ: ನಡುವೆ ಸನ್ ಗೇರ್, ಅದರ ಸುತ್ತ ಉರುಳುವ ಪುಟ್ಟ ಪ್ಲಾನೆಟ್ ಗೇರುಗಳು, ಅವುಗಳನ್ನು ಒಟ್ಟಾಗಿ ಹಿಡಿದಿರುವ ಕ್ಯಾರಿಯರ್, ಎಲ್ಲಕ್ಕೂ ಹೊರಗೆ ಒಳಮೈಯಲ್ಲಿ ಹಲ್ಲುಗಳಿರುವ ರಿಂಗ್ ಗೇರ್. ಸನ್ ಗೇರಿಗೆ 30 ಹಲ್ಲು, ರಿಂಗ್ ಗೇರಿಗೆ 70 ಹಲ್ಲು ಇವೆ ಎಂದಿಟ್ಟುಕೊಳ್ಳಿ. ಸನ್ ಗೇರನ್ನು ಅಲುಗಾಡದಂತೆ ಬಿಗಿಹಿಡಿದು ಕ್ಯಾರಿಯರನ್ನು ತಿರುಗಿಸಿದರೆ, ಕ್ಯಾರಿಯರಿನ ಪ್ರತಿ ಏಳು ಸುತ್ತಿಗೆ ರಿಂಗ್ ಗೇರ್ ಹತ್ತು ಸುತ್ತು ತಿರುಗಲೇಬೇಕು. ಗುಂಡಿ ಒತ್ತಿದಾಗ ತಾವು ಗೇರ್‌ಬಾಕ್ಸಿಗೆ ಹೇಳುವುದು ಈ ಜೋಡಣೆಗೆ ಹೋಗಬೇಡ, ಮೂರನೆಯ ಗೇರಿನಲ್ಲೇ ನಿಲ್ಲು ಎಂದು. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿ ಆಗುವುದಿಲ್ಲ.

ಸದ್ದಿನ ವಿಷಯಕ್ಕೆ ಬರೋಣ. 185/65 ಆರ್15 ಅಳತೆಯ ಟೈರುಳ್ಳ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಸಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 680 ಸುತ್ತು ತಿರುಗಬೇಕು. ಗೇರ್‌ಬಾಕ್ಸಿನ ಆಚೆಗಿನ ಅಂತಿಮ ಅನುಪಾತ 4 ಎಂದಿಟ್ಟುಕೊಂಡರೆ ಮೂರನೆಯ ಗೇರಿನಲ್ಲಿ ಎಂಜಿನ್ ಸುಮಾರು 2,700 ಆರ್‌ಪಿಎಂನಲ್ಲಿ, ಓವರ್‌ಡ್ರೈವಿನಲ್ಲಿ ಸುಮಾರು 1,900ರಲ್ಲಿ ತಿರುಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಓಡಿಸುವವರಿಗೆ ಈ 800 ಸುತ್ತಿನ ವ್ಯತ್ಯಾಸ ಕಿವಿಗೂ ತಿಳಿಯುತ್ತದೆ, ಪೆಟ್ರೋಲ್ ಬಂಕಿನ ಬಿಲ್ಲಿಗೂ ತಿಳಿಯುತ್ತದೆ. ಇಷ್ಟು ದಿನ ಹಾಗೆಯೇ ಓಡಿಸಿದ್ದರಿಂದ ಗೇರ್‌ಬಾಕ್ಸ್ ಹಾಳಾಗಿರಬಹುದೆಂಬ ಆತಂಕ ಬೇಡ. ಮೂರನೆಯ ಗೇರಿನಲ್ಲಿ ಓಡುವುದು ಅದಕ್ಕೆ ಹಾನಿಯಲ್ಲ, ಇಂಧನವಷ್ಟೇ ಹೆಚ್ಚು ಖರ್ಚಾಗಿದೆ.

ಪ್ರಶ್ನೆ: ನನ್ನ ಓಡಾಟವೆಲ್ಲ ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ. ಸಿಟಿಯಲ್ಲಿ ಓವರ್‌ಡ್ರೈವ್ ಆಫ್ ಮಾಡಿಯೇ ಓಡಿಸಬೇಕೆಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಮಾರತ್ತಹಳ್ಳಿಯ ಓದುಗರು

ಉತ್ತರ: ಅಗತ್ಯವಿಲ್ಲ. ಗಂಟೆಗೆ 20–30 ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಗೇರ್‌ಬಾಕ್ಸ್ ನಾಲ್ಕನೆಯ ಗೇರಿನ ತನಕ ಹೋಗುವುದೇ ಇಲ್ಲವಾದ್ದರಿಂದ ಗುಂಡಿ ಹೇಗಿದ್ದರೂ ವ್ಯತ್ಯಾಸವಾಗದು. ಫ್ಲೈಓವರುಗಳ ಮೇಲೆ 50–60ರ ಆಸುಪಾಸಿನಲ್ಲಿ ವೇಗ ಪದೇ ಪದೇ ಏರಿಳಿಯುತ್ತ, ಗೇರ್ ಮೂರು ಮತ್ತು ನಾಲ್ಕರ ನಡುವೆ ಓಲಾಡುವುದು ತಮ್ಮ ಅನುಭವಕ್ಕೆ ಬಂದರೆ, ಅಷ್ಟು ದೂರಕ್ಕೆ ಆಫ್ ಮಾಡಿಕೊಳ್ಳಬಹುದು. ರಸ್ತೆ ತೆರವಾದ ಮೇಲೆ ಮತ್ತೆ ಆನ್ ಮಾಡಬೇಕು.

ಪ್ರಶ್ನೆ: ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಶಿರಾಡಿ ಘಾಟಿಯಲ್ಲಿ ನನ್ನ ಕಾರು ಒಂದು ಗೇರಿನಲ್ಲಿ ನಿಲ್ಲುವುದೇ ಇಲ್ಲ. ಒಮ್ಮೆ ಎಂಜಿನ್ ಜೋರಾಗಿ ಕೂಗುತ್ತದೆ, ಕ್ಷಣದಲ್ಲೇ ಮಂಕಾಗುತ್ತದೆ, ಮತ್ತೆ ಕೂಗುತ್ತದೆ. ಇದು ದೋಷವೇ? ಲಾರಿಯನ್ನು ಓವರ್‌ಟೇಕ್ ಮಾಡುವಾಗಲೂ ಗುಂಡಿಯನ್ನು ಬಳಸಬೇಕೇ?
– ಹಾಸನದ ಓದುಗರು

ಉತ್ತರ: ದೋಷವಲ್ಲ. ಓವರ್‌ಡ್ರೈವ್ ಗುಂಡಿಯನ್ನು ಇಟ್ಟಿರುವುದೇ ಇಂಥ ಸಂದರ್ಭಕ್ಕಾಗಿ. ಓವರ್‌ಡ್ರೈವಿನಲ್ಲಿ ಚಕ್ರದ ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಏರಿನಲ್ಲಿ ಆ ಬಲ ಸಾಲದೆ ಕಾರು ನಿಧಾನವಾಗುತ್ತದೆ, ತಾವು ಎಕ್ಸಲರೇಟರನ್ನು ಇನ್ನಷ್ಟು ಒತ್ತುತ್ತೀರಿ, ಗೇರ್‌ಬಾಕ್ಸ್ ಮೂರಕ್ಕೆ ಇಳಿಯುತ್ತದೆ. ಮೂರರಲ್ಲಿ ಎಳೆತ ನೂರಕ್ಕೆ ಸುಮಾರು 40ರಷ್ಟು ಹೆಚ್ಚುವುದರಿಂದ ಕಾರು ಸಲೀಸಾಗಿ ಏರುತ್ತದೆ, ತಾವು ಕಾಲು ಸಡಿಲಿಸುತ್ತೀರಿ, ಗೇರ್‌ಬಾಕ್ಸ್ ಏರು ಮುಗಿಯಿತೆಂದು ಭಾವಿಸಿ ನಾಲ್ಕಕ್ಕೆ ಹೋಗುತ್ತದೆ. ಮುಂದಿನ ತಿರುವಿನ ಆಚೆ ಇನ್ನೂ ಏರಿದೆ ಎಂಬುದು ತಮ್ಮ ಕಣ್ಣಿಗೆ ಕಾಣುತ್ತದೆ, ಗೇರ್‌ಬಾಕ್ಸಿಗೆ ಕಾಣುವುದಿಲ್ಲ. ಹೀಗಾಗಿ ಈ ಓಲಾಟ ಘಾಟಿ ಮುಗಿಯುವ ತನಕ ನಡೆಯುತ್ತಲೇ ಇರುತ್ತದೆ.

ಕಿರಿಕಿರಿಗಿಂತ ದೊಡ್ಡ ತೊಂದರೆ ಶಾಖದ್ದು. ಪ್ರತಿ ಸಲ ಗೇರ್ ಬದಲಾಗುವಾಗಲೂ ಒಳಗಿನ ಕ್ಲಚ್ ತಟ್ಟೆಗಳು ಒಂದು ಕ್ಷಣ ಉಜ್ಜಿಕೊಂಡೇ ಬಿಗಿಯುತ್ತವೆ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಸಮತಟ್ಟಾದ ರಸ್ತೆಯಲ್ಲಿ ಜಾರದಂತೆ ಹಿಡಿದಿಡುವ ಲಾಕಪ್ ಕ್ಲಚ್ ಕೂಡ ಈ ಗೊಂದಲದಲ್ಲಿ ಪದೇ ಪದೇ ಬಿಡುತ್ತದೆ, ಮತ್ತು ಅದು ಬಿಟ್ಟಾಗಲೆಲ್ಲ ಎಂಜಿನ್ನಿನ ಶಕ್ತಿಯ ಒಂದು ಪಾಲು ಕನ್ವರ್ಟರಿನೊಳಗಿನ ಎಣ್ಣೆಯನ್ನು ಕಲಕುವುದರಲ್ಲೇ ವ್ಯಯವಾಗಿ ಶಾಖವಾಗುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯುಷ್ಯವನ್ನು ತಿನ್ನುವ ಮುಖ್ಯ ಶತ್ರು ಈ ಶಾಖವೇ. ಆದ್ದರಿಂದ ಗುಂಡ್ಯ ದಾಟಿ ಏರು ಆರಂಭವಾದೊಡನೆ ಗುಂಡಿ ಒತ್ತಿ ಓವರ್‌ಡ್ರೈವನ್ನು ಆಫ್ ಮಾಡಿ, ಸಕಲೇಶಪುರದ ಹತ್ತಿರ ರಸ್ತೆ ಸಮವಾದ ಮೇಲೆ ಆನ್ ಮಾಡಿ. ಏಳು ಜನ ಕುಳಿತಿರುವಾಗ, ಡಿಕ್ಕಿಯ ತುಂಬ ಸಾಮಾನಿರುವಾಗ, ಏಸಿ ಓಡುತ್ತಿರುವಾಗ ಇದು ಇನ್ನೂ ಮುಖ್ಯ. ಗೇರ್‌ಬಾಕ್ಸಿನ ಎಣ್ಣೆ ತನ್ನ ಸಹಜ ಕೆಂಪು ಕಳೆದುಕೊಂಡು ಕಪ್ಪಾಗಿದ್ದರೆ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಅದು ಈಗಾಗಲೇ ಸಾಕಷ್ಟು ಶಾಖ ಉಂಡಿದೆ ಎಂದರ್ಥ, ಬದಲಾಯಿಸುವುದನ್ನು ಮುಂದೂಡಬೇಡಿ.

ಓವರ್‌ಟೇಕಿಗೆ ಗುಂಡಿ ಕಡ್ಡಾಯವಲ್ಲ. ಎಕ್ಸಲರೇಟರನ್ನು ಪೂರ್ತಿ ಒತ್ತಿದರೆ ಗೇರ್ ತಾನಾಗಿ ಕೆಳಗಿಳಿಯುತ್ತದೆ. ಆದರೆ ಆ ಇಳಿಯುವಿಕೆಗೆ ಒಂದು ಕ್ಷಣ ಹಿಡಿಯುತ್ತದೆ, ಎರಡು ಲೇನಿನ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಕ್ಷಣಕ್ಕೆ ಬೆಲೆಯಿದೆ. ಲಾರಿಯ ಹಿಂದೆ ಇರುವಾಗಲೇ ಗುಂಡಿ ಒತ್ತಿ ಮೂರನೆಯ ಗೇರಿಗೆ ಬಂದು, ದಾರಿ ಸ್ಪಷ್ಟವಾದಾಗ ಹೊರಡುವುದು ಹೆಚ್ಚು ಸುರಕ್ಷಿತವೆಂಬುದು ನನ್ನ ಅಭಿಪ್ರಾಯ. ಓಡುತ್ತಿರುವಾಗ ಗುಂಡಿ ಒತ್ತಿದರೆ ಗೇರ್‌ಬಾಕ್ಸಿಗೆ ಏನೂ ಆಗುವುದಿಲ್ಲ. ಅದಕ್ಕಾಗಿ ಕಾರು ನಿಲ್ಲಿಸಬೇಕಾಗಿಯೂ ಇಲ್ಲ.

ಪ್ರಶ್ನೆ: ನಾವು ಆಗಾಗ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತೇವೆ. ಕಳೆದ ಬಾರಿ ಕೆಳಗೆ ತಲುಪುವಷ್ಟರಲ್ಲಿ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು, ಬ್ರೇಕ್ ಪೆಡಲ್ ಮೆತ್ತಗಾದಂತೆ ಅನಿಸಿತು. ನಮ್ಮದು ಮಾರುತಿ ಎರ್ಟಿಗಾ, 2019ರ ನಾಲ್ಕು ಗೇರಿನ ಆಟೊಮ್ಯಾಟಿಕ್. ಇಳಿಯುವಾಗ ಓವರ್‌ಡ್ರೈವ್ ಆಫ್ ಮಾಡಿದರೆ ಸಾಕೇ? ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂದು ನಮ್ಮ ಮಾವ ಹೇಳುತ್ತಾರೆ.
– ಮೂಡಿಗೆರೆಯ ಓದುಗರು

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಮ್ಮದು. ಬೇರೆಯವರ ಪ್ರಶ್ನೆಗಳು ಇಂಧನ, ಸದ್ದು, ಗೇರ್‌ಬಾಕ್ಸಿನ ಬಾಳಿಕೆಗೆ ಸಂಬಂಧಿಸಿದವು, ತಮ್ಮದು ಕಾರಿನಲ್ಲಿ ಕುಳಿತವರ ಜೀವಕ್ಕೆ ಸಂಬಂಧಿಸಿದ್ದು. ಆ ವಾಸನೆ ಮತ್ತು ಮೆತ್ತಗಾದ ಪೆಡಲ್ ಎರಡೂ ಬ್ರೇಕ್ ಕೈಕೊಡುವ ಮುನ್ನಿನ ಲಕ್ಷಣಗಳು. ಮುಂದಿನ ಪ್ರಯಾಣಕ್ಕೆ ಮೊದಲೇ ಬ್ರೇಕ್ ಪ್ಯಾಡುಗಳನ್ನೂ ಬ್ರೇಕ್ ಆಯಿಲನ್ನೂ ತಪಾಸಣೆ ಮಾಡಿಸಿ.

ಘಾಟಿಯಲ್ಲಿ ಬ್ರೇಕಿನ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕಿ ನೋಡಬಹುದು. ಜನ ಮತ್ತು ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ 70 ಲಕ್ಷ ಜೂಲ್‌ಗಳಿಗೂ ಹೆಚ್ಚು. ಸುಮಾರು 25 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಒಂದು ಪಾಲು ಗಾಳಿಯ ಮತ್ತು ಟೈರುಗಳ ತಡೆಯಲ್ಲಿ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ಹೀರಿಕೊಳ್ಳಬೇಕು, ಇಲ್ಲವೇ ಅಂಗೈಯಗಲದ ಬ್ರೇಕ್ ಪ್ಯಾಡುಗಳು ಹೀರಿಕೊಳ್ಳಬೇಕು. ಎಂಜಿನ್ನಿಗೆ ಅವಕಾಶ ಕೊಡದಿದ್ದರೆ ಪ್ಯಾಡು ಮತ್ತು ಡಿಸ್ಕ್ ವಿಪರೀತ ಕಾಯ್ದು ಹಿಡಿತ ಕಳೆದುಕೊಳ್ಳುತ್ತವೆ, ಅದೇ ಶಾಖ ಬ್ರೇಕ್ ಆಯಿಲಿಗೂ ಹರಿಯುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ಮಾನದಂಡವಿದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದಾದ್ದರಿಂದ, ತೇವ ಹೀರಿದ ಸ್ಥಿತಿಗೆ ಅದೇ ಮಾನದಂಡ ಕೇಳುವುದು 140 ಡಿಗ್ರಿಯನ್ನಷ್ಟೇ. ಮಲೆನಾಡಿನ ಮಳೆಗಾಲಗಳನ್ನು ಕಂಡ, ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಇದ್ದರೆ ಪೈಪಿನೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಅಮುಕಿಕೊಳ್ಳುತ್ತದೆಯೇ ಹೊರತು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದಿಲ್ಲ. ತಮ್ಮ ಪೆಡಲ್ ಮೆತ್ತಗಾದದ್ದಕ್ಕೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಓವರ್‌ಡ್ರೈವ್ ಆಫ್ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಧಾರಣ ಇಳಿಜಾರಿಗೆ ಸಾಕು, ಚಾರ್ಮಾಡಿಗೆ ಸಾಲದು. ಗುಂಡಿ ಒತ್ತಿದಾಗ ಸಿಗುವುದು ಮೂರನೆಯ ಗೇರು ಮಾತ್ರ, ಹೇರ್‌ಪಿನ್ ತಿರುವುಗಳಿರುವ ಕಡಿದಾದ ಘಾಟಿಯಲ್ಲಿ ಅದರ ತಡೆ ದುರ್ಬಲ. ತಮ್ಮ ಕಾರಿನ ಲಿವರಿನಲ್ಲಿ ‘ಡಿ’ಯ ಕೆಳಗೆ ‘2’ ಮತ್ತು ‘ಎಲ್’ ಎಂಬ ಸ್ಥಾನಗಳಿವೆ. ಬಹಳ ಮಂದಿ ಅವುಗಳನ್ನು ಕಾರು ಮಾರುವ ತನಕವೂ ಮುಟ್ಟುವುದಿಲ್ಲ. ಕೊಟ್ಟಿಗೆಹಾರ ದಾಟಿ ಇಳಿಜಾರು ಆರಂಭವಾಗುವ ಮೊದಲೇ ವೇಗವನ್ನು 30–40ಕ್ಕೆ ತಗ್ಗಿಸಿ ಲಿವರನ್ನು ‘2’ಕ್ಕೆ ತನ್ನಿ. ಎಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಮುಳ್ಳು 2,500–3,000ದ ಕಡೆ ಹೋಗಬಹುದು, ಹೊಸಬರಿಗೆ ಗಾಬರಿಯಾಗುತ್ತದೆ. ಗಾಬರಿಗೆ ಕಾರಣವಿಲ್ಲ, ಮುಳ್ಳು ಕೆಂಪು ಗೆರೆಯಿಂದ ದೂರವಿರುವ ತನಕ ಎಂಜಿನ್ ತನ್ನ ಶಕ್ತಿಯ ಮಿತಿಯೊಳಗೇ ಇದೆ. ಎಕ್ಸಲರೇಟರಿನಿಂದ ಕಾಲು ತೆಗೆದರೂ ಕಾರು ಓಟ ಕೀಳದೆ ತನ್ನಷ್ಟಕ್ಕೆ ಇಳಿಯುತ್ತಿದ್ದರೆ ಗೇರ್ ಸರಿಯಿದೆ ಎಂದು ತಿಳಿಯಿರಿ. ‘2’ರಲ್ಲಿಯೂ ವೇಗ ಏರುತ್ತಲೇ ಇದ್ದರೆ ಬ್ರೇಕಿನಿಂದ 20ರ ಆಸುಪಾಸಿಗೆ ಇಳಿಸಿ ‘ಎಲ್’ಗೆ ಹಾಕಬೇಕು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಇದು ಕೆಲವು ಕಡೆ ಬೇಕಾಗಬಹುದು.

ಎಂಜಿನ್ ತಡೆಯುತ್ತದೆಂದು ಬ್ರೇಕನ್ನು ಮರೆಯಬೇಕೆಂದಲ್ಲ. ತಿರುವಿಗೆ ಮುಂಚೆ ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ, ವೇಗ ಇಳಿದೊಡನೆ ಪೂರ್ತಿ ಬಿಟ್ಟುಬಿಡಿ. ಕಾಲನ್ನು ಪೆಡಲಿನ ಮೇಲೆ ಹಗುರವಾಗಿ ಊರಿಕೊಂಡೇ ಕೆಳಗಿನವರೆಗೂ ಬರುವ ಅಭ್ಯಾಸ ಅತ್ಯಂತ ಕೆಟ್ಟದ್ದು, ಪ್ಯಾಡಿಗೆ ಆರಲು ಅವಕಾಶವೇ ಇರುವುದಿಲ್ಲ. ವಾಸನೆ ಬಂತೆಂದರೆ ಸುರಕ್ಷಿತವಾದ ಅಗಲದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಒದ್ದೆ ರಸ್ತೆಯ ತಿರುವಿನ ನಡುವೆ ಗೇರನ್ನು ಥಟ್ಟನೆ ಇಳಿಸಿದರೆ ಮುಂದಿನ ಚಕ್ರಗಳು ಜಾರಬಹುದು. ಗೇರ್ ಬದಲಾವಣೆಯೆಲ್ಲ ನೇರ ರಸ್ತೆಯಲ್ಲೇ, ವೇಗ ತಗ್ಗಿಸಿದ ಮೇಲೆಯೇ ಆಗಲಿ.

ಇನ್ನು ನ್ಯೂಟ್ರಲ್ ವಿಚಾರ. ತಮ್ಮ ಮಾವನವರು ಕಾರ್ಬುರೇಟರ್ ಕಾಲದಲ್ಲಿ ಓಡಿಸಿದವರಾದರೆ ಅವರ ಮಾತಿಗೆ ಅಂದಿನ ಮಟ್ಟಿಗೆ ಒಂದಿಷ್ಟು ಆಧಾರವಿತ್ತು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದುಕೊಂಡೇ ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಕಂಪ್ಯೂಟರ್ ಪೆಟ್ರೋಲನ್ನು ಸಂಪೂರ್ಣವಾಗಿ ನಿಲ್ಲಿಸುತ್ತದೆ, ಏಕೆಂದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದೊಡನೆ ಎಂಜಿನ್ ಆರದಂತೆ ಪೆಟ್ರೋಲ್ ಸುಡಲೇಬೇಕಾಗುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ, ಹೊರೆಯೆಲ್ಲ ಬ್ರೇಕಿನ ತಲೆಯ ಮೇಲೆ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಅವನ ಬಳಿ 2005ರ ಟೊಯೊಟಾ ಕೊರೊಲಾ ಇದೆ. ಟಾಹೊ ಸರೋವರಕ್ಕೆ ಹೋಗುವಾಗ ಓವರ್‌ಡ್ರೈವ್ ಹೇಗೆ ಬಳಸಬೇಕು? ಇತ್ತೀಚೆಗೆ ‘ಓ/ಡಿ ಆಫ್’ ದೀಪ ಒತ್ತದೆಯೇ ಮಿನುಗುತ್ತದೆ. ಬೆಳಿಗ್ಗೆ ಚಳಿಯಲ್ಲಿ ಹೊರಟಾಗ ಕಾರು ನಾಲ್ಕನೆಯ ಗೇರಿಗೆ ಹೋಗುವುದೂ ತಡವಾಗುತ್ತದೆ.
– ಸನ್ನಿವೇಲ್‌ನಿಂದ ಒಬ್ಬ ಓದುಗರು

ಉತ್ತರ: ಚಳಿಯಲ್ಲಿ ತಡವಾಗುವುದು ಸಹಜ. ಎಂಜಿನ್ನಿನ ಕೂಲೆಂಟ್ ಒಂದು ಮಟ್ಟಕ್ಕೆ ಬಿಸಿಯಾಗುವ ತನಕ ಇಂಥ ಗೇರ್‌ಬಾಕ್ಸುಗಳು ಬೇಕೆಂದೇ ಓವರ್‌ಡ್ರೈವಿಗೆ ಹೋಗುವುದಿಲ್ಲ, ಎಂಜಿನ್ ಬೇಗ ಬಿಸಿಯಾಗಲೆಂಬುದು ಇದರ ಉದ್ದೇಶ. ಆದರೆ ದೀಪ ತಾನಾಗಿ ಮಿನುಗುವುದು ಬೇರೆಯೇ ವಿಷಯ. ಗುಂಡಿ ಒತ್ತಿದಾಗ ಅದು ಸ್ಥಿರವಾಗಿ ಉರಿಯುತ್ತದೆ. ಮಿನುಗಿದರೆ ಗೇರ್‌ಬಾಕ್ಸಿನ ವಿದ್ಯುತ್ ನಿಯಂತ್ರಣದಲ್ಲಿ, ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಅಥವಾ ಸೆನ್ಸರಿನಲ್ಲಿ ದೋಷ ಕಂಡುಬಂದು ಅದರ ಕೋಡ್ ಕಂಪ್ಯೂಟರಿನಲ್ಲಿ ದಾಖಲಾಗಿದೆ ಎಂದು ತಿಳಿಯಬೇಕು. ಅಮೆರಿಕದಲ್ಲಿ 1996ರ ಮಾದರಿಯಿಂದಾಚೆಗಿನ ಎಲ್ಲ ಕಾರುಗಳಲ್ಲೂ ಸ್ಟಿಯರಿಂಗ್ ಕೆಳಗೆ ಒಬಿಡಿ-2 ಪೋರ್ಟ್ ಇರುವುದರಿಂದ ಸಣ್ಣ ಸ್ಕ್ಯಾನರ್ ಹಾಕಿ ಆ ಕೋಡನ್ನು ಓದಬಹುದು. ಅದನ್ನು ಸರಿಪಡಿಸದೆ ಬೆಟ್ಟದ ಪ್ರಯಾಣ ಬೇಡ.

ಟಾಹೊಗೆ ಹೋಗುವ ಐ-80 ಹೆದ್ದಾರಿ ಸಮುದ್ರಮಟ್ಟದ ಸಮೀಪದಿಂದ ಹೊರಟು ಡಾನರ್ ಶಿಖರದ ಬಳಿ ಸುಮಾರು 2,200 ಮೀಟರ್ ಎತ್ತರಕ್ಕೆ ಏರುತ್ತದೆ. ಏರು ದೀರ್ಘ, ಆದರೆ ನಮ್ಮ ಘಾಟಿಗಳಂತೆ ಇಕ್ಕಟ್ಟಿನ ತಿರುವುಗಳಿಲ್ಲ. ಅಲ್ಲಿ ಗುಂಡಿಯೊಂದೇ ಸಾಕು: ಏರಿನಲ್ಲಿ ಗೇರ್ ಓಲಾಡತೊಡಗಿದಾಗ ಆಫ್ ಮಾಡಿ, ಮರಳಿ ಬರುವ ಉದ್ದದ ಇಳಿಜಾರಿನಲ್ಲೂ ಆಫ್ ಮಾಡಿ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿಯೇ ಕುಗ್ಗುವುದರಿಂದ ಓವರ್‌ಡ್ರೈವ್ ಆಫ್ ಮಾಡುವ ಸಂದರ್ಭ ಅಲ್ಲಿ ಇನ್ನೂ ಬೇಗ ಬರುತ್ತದೆ. ಇಳಿಜಾರಿನಲ್ಲಿ ಹಿಮ ಬಿದ್ದಿದ್ದರೆ ಮೊದಲು ವೇಗ ತಗ್ಗಿಸಿ, ಆಮೇಲೆ ಗುಂಡಿ ಒತ್ತಿ.

ಪ್ರಶ್ನೆ: ಹೊಸ ಆಟೊಮ್ಯಾಟಿಕ್ ಕಾರು ಕೊಳ್ಳುವವನಿದ್ದೇನೆ. ನೋಡಿದ ಯಾವ ಕಾರಿನಲ್ಲೂ ಓವರ್‌ಡ್ರೈವ್ ಗುಂಡಿ ಇಲ್ಲ. ಈ ಸೌಲಭ್ಯವನ್ನು ತೆಗೆದುಹಾಕಿದ್ದಾರೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ತೆಗೆದಿಲ್ಲ. ಇನ್ನೂ ಹೆಚ್ಚಿಸಿದ್ದಾರೆ. 1970ರ ದಶಕದ ತನಕ ಅಮೆರಿಕದ ಹೆಚ್ಚಿನ ಆಟೊಮ್ಯಾಟಿಕ್‌ಗಳಿಗೆ ಮೂರೇ ಗೇರು, ಮೂರನೆಯದು ಒಂದಕ್ಕೊಂದರ ಅನುಪಾತದ್ದು. 1973ರ ತೈಲ ಬಿಕ್ಕಟ್ಟು ಮತ್ತು 1975ರಲ್ಲಿ ಅಲ್ಲಿ ಬಂದ ಇಂಧನ ದಕ್ಷತೆಯ ಕಾನೂನು ಕಂಪನಿಗಳನ್ನು ಒತ್ತಾಯಿಸಿದವು. ಫೋರ್ಡ್ ಕಂಪನಿ 1980ರ ಮಾದರಿಗಳಲ್ಲಿ 0.67 ಅನುಪಾತದ ಓವರ್‌ಡ್ರೈವ್ ಸೇರಿಸಿದ ನಾಲ್ಕು ಗೇರಿನ ಆಟೊಮ್ಯಾಟಿಕ್ ತಂದಿತು. ಮೂರಕ್ಕೂ ನಾಲ್ಕಕ್ಕೂ ನಡುವೆ ಅಂತರ ದೊಡ್ಡದಾಗಿದ್ದುದರಿಂದ ಚಾಲಕನ ಕೈಗೆ ಒಂದು ಗುಂಡಿ ಬೇಕಾಗುತ್ತಿತ್ತು. ಈಗ ಆರು ಗೇರಿನ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಕೊನೆಯ ಎರಡು ಗೇರುಗಳು ಓವರ್‌ಡ್ರೈವ್. ಬಿಎಂಡಬ್ಲ್ಯುನಂಥ ಕಾರುಗಳಲ್ಲಿ ಬಳಸುವ ಝಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯಲ್ಲಿ ಆರನೆಯದು ಒಂದಕ್ಕೊಂದು, ಏಳು ಮತ್ತು ಎಂಟು ಓವರ್‌ಡ್ರೈವ್. ಹಂತಗಳು ಹತ್ತಿರ ಹತ್ತಿರವಾಗಿರುವುದರಿಂದ ಮತ್ತು ಕಂಪ್ಯೂಟರ್ ಏರಿಳಿತವನ್ನು ಗುರುತಿಸಬಲ್ಲದಾದ್ದರಿಂದ ಪ್ರತ್ಯೇಕ ಗುಂಡಿ ಅನಗತ್ಯವಾಯಿತು.

ಆದರೆ ಆ ಗುಂಡಿ ಮಾಡುತ್ತಿದ್ದ ಕೆಲಸದ ಅಗತ್ಯ ಹೋಗಿಲ್ಲ. ಕೊಳ್ಳುವ ಮೊದಲು, ಗೇರನ್ನು ಕೈಯಾರೆ ಕೆಳಗಿಳಿಸುವ ವ್ಯವಸ್ಥೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಎರ್ಟಿಗಾದ ಆಟೊಮ್ಯಾಟಿಕ್ 2022ರಲ್ಲಿ ಆರು ಗೇರಿಗೆ ಬದಲಾದಾಗ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಬಂತು. ಅದರ ಮೈನಸ್ ಕಡೆಯದನ್ನು ಎಳೆದರೆ ಗೇರ್ ಇಳಿಯುತ್ತದೆ. ಸೆಲೆರಿಯೊ ಮೂಲಕ 2014ರಲ್ಲಿ ನಮ್ಮ ದೇಶಕ್ಕೆ ಬಂದ ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಗೇರುಗಳನ್ನು ಯಂತ್ರವೇ ಬದಲಾಯಿಸುವ) ಮಾದರಿಯಲ್ಲಿ ಲಿವರನ್ನು ‘ಎಂ’ ಕಡೆಗೆ ಸರಿಸಿ ಗೇರನ್ನು ತಾವೇ ಆರಿಸಬೇಕು. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಬೆಲ್ಟಿನ ಹಿಡಿತ ಎರಡು ಪುಲ್ಲಿಗಳ ನಡುವೆ ನಿರಂತರವಾಗಿ ಬದಲಾಗುತ್ತದೆ; ಅಲ್ಲಿ ಇಳಿಜಾರಿಗೆ ‘ಎಸ್’, ‘ಎಲ್’ ಅಥವಾ ‘ಬಿ’ ಎಂಬ ಸ್ಥಾನವಿರುತ್ತದೆ. ಟೆಸ್ಟ್ ಡ್ರೈವ್ ಸಮಯದಲ್ಲಿ ಶೋರೂಮಿನ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೃಪ್ತರಾಗದೆ, ಹತ್ತಿರದ ಯಾವುದಾದರೂ ಇಳಿಜಾರಿಗೆ ಕೊಂಡೊಯ್ದು, ಈ ಸ್ಥಾನಗಳಲ್ಲಿ ಬ್ರೇಕ್ ಮುಟ್ಟದೆ ಕಾರು ಎಷ್ಟರ ಮಟ್ಟಿಗೆ ಹಿಡಿತದಲ್ಲಿರುತ್ತದೆ ಎಂಬುದನ್ನು ನೋಡಿ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರೆಬೈಲು ಘಾಟಿ ಇಳಿದು ಅಂಕೋಲಾಕ್ಕೆ ಹೋಗುವವರಾದರೆ ಈ ಪರೀಕ್ಷೆ ಇನ್ನೂ ಅಗತ್ಯ.